ಕುಂಕುಮ ಇಟ್ಟಿರುವ ಜಾಗ

ಯತೀಶ ಮಹಾರಾಯ,

ಸಾಲಿಗ್ರಾಮದ ಬಸ್ಸಿಗೆ ನಡೆದುಕೊಂಡೇ ಹೊರಟಿದ್ದೀನಿ. ನನ್ನ ಸೈಕಲ್ಲಿನ ಸೀಟು, ಪೆಡಲು ಎರಡನ್ನೂ ನಿನ್ನ ಗುಜರಿ ಗೇರ್ ಸೈಕಲ್ಲಿಗೆ ಅಂತ ಬಿಚ್ಚಿಟ್ಟುಕೊಂಡಿದ್ದೀಯಲ್ಲ!

ಇವತ್ತು ಸಾರಿಲ್ಲ. ಮನೆಯ ಹುಣಸೆಹಣ್ಣನ್ನೆಲ್ಲ ಫ್ರೇಮಿನ ತುಕ್ಕಿಗೆ ಉಜ್ಜಿದವನು ಮಜ್ಜಿಗೆ ಅನ್ನ ತಿನ್ನು.

"ಹಳೇ ಸ್ಟೀಲು ಕಣಕ್ಕ, ಬಂಡೆ ಇದ್ದಂಗೈತೆ" ಅಂತ ಕೊಚ್ಚಿಕೊಂಡೆಯಲ್ಲ, ಅದನ್ನ ಒಂದು ಸಲವಾದರೂ ನೆಟ್ಟಗೆ ನೋಡಿದ್ದೀಯ? ಸೀಟು ಕೂರೋ ಜಾಗದ ಕೆಳಗೆ ಕುಂಕುಮ ಇಟ್ಟಿದ್ದೀನಿ. ಪೂಜೆ ಅಂದುಕೊಂಡು ಕೈಮುಗಿದು, ಅದರ ಮೇಲೇ ಪೇಂಟ್ ಬಳಿದುಬಿಟ್ಟೀಯ, ದಡ್ಡ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಮೊದಲು ವೆಲ್ಡಿಂಗ್ ಮಾಡಿಸು.

ಬಿದ್ದು ಸೊಂಟ ಮುರಿದುಕೊಂಡರೆ, ಆಸ್ಪತ್ರೆಗೆ ಕೂರಿಸಿಕೊಂಡು ಹೋಗೋಕೆ ನನಗೊಂದು ಸೈಕಲ್ಲನ್ನೂ ಉಳಿಸಿಲ್ಲ ನೀನು.

ಅಕ್ಕ