ರೊಟ್ಟಿ ಕೇಳದೆ ಹೋದರು

ಝೆಲ್ಯಾನಿ, ನೇಮನ್ ನದಿಯ ದಡ
ಎಲೂಲ್ ತಿಂಗಳ ಐದು, ಗುರುವಾರ, 1894

ನೂರಿಪ್ಪತ್ತು ವರ್ಷ ಬಾಳಬೇಕಾದ ನನ್ನ ಝಾವೆಲ್‌ಗೆ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಮರದ ದಿಮ್ಮಿಗಳ ತೆಪ್ಪದ ಮೇಲೆ ಒದ್ದೆ ಕಾಲುಚೀಲದಲ್ಲೇ ಮಲಗಬೇಡ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ, ನೀನು ಕೇಳುವವನಲ್ಲ. ನಾನು ಕಟ್ಟಿಕೊಟ್ಟ ಹೆಬ್ಬಾತಿನ ಕೊಬ್ಬನ್ನು ಎದೆಗೆ ಹಚ್ಚಿಕೊಳ್ಳುತ್ತಿದ್ದೀಯೋ, ರೊಟ್ಟಿಗೆ ಸವರಿ ತಿಂದು ಮುಗಿಸಿದೆಯೋ? ತಿಂದೇ ಇರುತ್ತೀಯ, ನನಗೆ ಗೊತ್ತು. ನಾವು ಇಲ್ಲಿ ಚೆನ್ನಾಗಿದ್ದೇವೆ. ಶೇಂಡಲ್‌ಗೆ ಮುಂದಿನ ಹಲ್ಲು ಬಿದ್ದಿದೆ, ಆದರೂ ಅವಳ ಬಾಯಿ ಒಂದು ಗಳಿಗೆ ನಿಲ್ಲುವುದಿಲ್ಲ. ಪುಟ್ಟ ನೋಟೆ ನಿನ್ನ ಹಳೆಯ ಟೋಪಿ ಹಾಕಿಕೊಂಡು ಓಡಾಡುತ್ತಾನೆ. ಅದು ಕಣ್ಣು ಮುಚ್ಚಿಬಿಡುತ್ತದೆ, ಅವನು ಹೋಗಿ ಗೋಡೆಗೆ ಢಿಕ್ಕಿ ಹೊಡೆಯುತ್ತಾನೆ. ಚಳಿಗಾಲಕ್ಕೆ ಸೌತೆಕಾಯಿಗಳನ್ನು ಉಪ್ಪುನೀರಿಗೆ ಹಾಕಿದ್ದಾಯಿತು. ಒಲೆಯ ಹಿಂದಿನ ಬಿರುಕಿಗೆ ಸದ್ಯಕ್ಕೆ ಮಣ್ಣು ಮೆತ್ತಿದ್ದೇನೆ, ನೀನು ಬಂದು ಸರಿಯಾಗಿ ಮಾಡುವೆಯಂತೆ.

ಎಲೂಲ್ ಬಂತು, ನಮ್ಮ ಹೊಸ ವರ್ಷಕ್ಕೆ ಇನ್ನು ಒಂದು ತಿಂಗಳೂ ಇಲ್ಲ, ಬೆಳಗಿನ ಪ್ರಾರ್ಥನೆಯಾದ ಮೇಲೆ ಟಗರಿನ ಕೊಂಬು ಊದಲು ಶುರುಮಾಡಿದ್ದಾರೆ. ಬೇರೆ ವರ್ಷಗಳಲ್ಲಿ ಆ ಸದ್ದು ಕೇಳಿದರೆ, ಇನ್ನೇನು ತೆಪ್ಪದವರು ಮನೆಗೆ ಬರುತ್ತಾರೆ ಎಂದು ಖುಷಿಯಾಗುತ್ತಿತ್ತು. ಈ ಸಲ ಅದು ಕೇಳಿದ್ದೇ ಕಿಟಕಿ ಮುಚ್ಚಿಬಿಡುತ್ತೇನೆ. ಯಾಕೆಂದು ಹೇಳುತ್ತೇನೆ, ನಗಬೇಡ. ಬೇಡ, ನಗು. ನೀನು ಎಲ್ಲೋ ಕೂತು ನಗುತ್ತಿದ್ದೀಯ ಎಂದು ಗೊತ್ತಾದರೆ ನನಗೆ ಅಷ್ಟೇ ಸಾಕು.

ನಮ್ಮ ದ್ವೋಶಾ ಅಜ್ಜಿ ಮತ್ತು ಎಲ್ಕಾ ಶುಕ್ರವಾರ ಬೆಳಿಗ್ಗೆ ಬಿಳಿ ಬಟ್ಟೆಯ ಎರಡೆರಡು ತುದಿ ಹಿಡಿದು ಸಬ್ಬತ್ತಿನ ವಿಶ್ರಾಂತಿ ದಿನಕ್ಕೆಂದು ಜಡೆಯಂತೆ ಹೆಣೆದು ಬೇಯಿಸಿದ ರೊಟ್ಟಿಯಲ್ಲಿ ಬಡವರ ಪಾಲನ್ನು ಮನೆಮನೆಯಿಂದ ಎತ್ತುತ್ತಾರಲ್ಲ, ಮದುವೆಯಾಗಿ ನಾನು ಈ ಬೀದಿಗೆ ಬಂದಾಗಿನಿಂದ ನಮ್ಮ ಬಾಗಿಲು ತಟ್ಟದೆ ಅವರು ಒಂದು ವಾರವೂ ಹೋದದ್ದಿಲ್ಲ. ನನಗೆ ಹೆರಿಗೆ ನೋವು ಬಂದ ದಿನವೂ ದ್ವೋಶಾ ತಲೆ ಒಳಗೆ ಹಾಕಿ, "ಮಗು ಆಮೇಲೆ ಹೆರುವೆಯಂತೆ, ರೊಟ್ಟಿ ಎಲ್ಲಿಟ್ಟಿದ್ದೀಯ ಹೇಳು" ಎಂದಿದ್ದಳು. ಅವಳಿಗೆ ನನ್ನ ರೊಟ್ಟಿ ಎಂದೂ ಹಿಡಿಸಿದ್ದಿಲ್ಲ. "ಮತ್ತೆ ತಳ ಹತ್ತಿಸಿದ್ದೀಯಲ್ಲೇ ಕ್ರೈನಾ! ಬಡವರಿಗೇನು ಹಲ್ಲು ಕಬ್ಬಿಣದ್ದಾ?" ಎಂದು ಬೀದಿಗೆಲ್ಲ ಕೇಳುವಂತೆ ಅಂದು, ಎತ್ತಿಕೊಂಡು ಹೋಗುವಳು. ಆಮೇಲೆ ಇಬ್ಬರೂ ಸಂದಿಗಳಲ್ಲಿ ನುಸುಳಿ, ಇಲ್ಲದವರ ಮನೆಯ ಹಿಂದಿನ ಕಿಟಕಿಯಲ್ಲಿ ರೊಟ್ಟಿ ಇಟ್ಟು ಬರುತ್ತಾರೆ. ಯಾರು ಕೊಟ್ಟರೆಂದು ತಿನ್ನುವವರಿಗೆ ಗೊತ್ತಾಗಬಾರದು, ಯಾರು ತಿಂದರೆಂದು ಕೊಟ್ಟವರಿಗೆ ಗೊತ್ತಾಗಬಾರದು. ಹೊಸಿಲಲ್ಲಿ ಅಷ್ಟು ಬಾಯಿ ಮಾಡುವ ಮುದುಕಿ ಹಿತ್ತಲಲ್ಲಿ ಬೆಕ್ಕಿನ ಹಾಗೆ ನಡೆಯುತ್ತಾಳೆ.

ಎರಡು ಶುಕ್ರವಾರದ ಹಿಂದೆ ಅವರು ನಮ್ಮ ಬಾಗಿಲು ತಟ್ಟಲಿಲ್ಲ. ಪಕ್ಕದ ಮನೆಯಲ್ಲಿ ದ್ವೋಶಾಳ ದನಿ ಕೇಳಿತು, ನಾನು ಕೈಯ ಹಿಟ್ಟು ಒರೆಸಿಕೊಂಡು ನಿಂತೆ. ಆಮೇಲೆ ಅದೇ ದನಿ ನಮ್ಮ ಮನೆಯ ಆಚೆಯಿಂದ ಕೇಳಿತು. ಮರೆತರೇನೋ ಎಂದು ರೊಟ್ಟಿ ಹಿಡಿದು ಹಿಂದೆಯೇ ಓಡಿದೆ. ಎಲ್ಕಾ ನೆಲ ನೋಡುತ್ತಾ ನಿಂತಳು. ದ್ವೋಶಾ, "ಅಯ್ಯೋ, ವಯಸ್ಸಾಯ್ತಲ್ಲಮ್ಮಾ, ನಿಮ್ಮನೆ ತಪ್ಪೋಯ್ತು. ಇರ್ಲಿ ಬಿಡು, ಇವತ್ತು ಬಟ್ಟೆ ತುಂಬೋಗಿದೆ, ಇದನ್ನ ಮಕ್ಕಳಿಗೆ ಕೊಡು" ಎಂದಳು. ಬಟ್ಟೆ ಅರ್ಧವೂ ತುಂಬಿರಲಿಲ್ಲ, ಝಾವೆಲ್. ಅದೂ ಅಲ್ಲದೆ, ಅವಳು ನನ್ನನ್ನು ಅಮ್ಮಾ ಎಂದು ಕರೆದದ್ದು ಅದೇ ಮೊದಲು. ಅವಳ ಬಾಯಲ್ಲಿ ನಾನು ಯಾವಾಗಲೂ ಸೋಮಾರಿ, ಇಲ್ಲವೇ ಜಿಪುಣಿ.

ಮನೆಗೆ ಬಂದು ಕೂತ ಮೇಲೆ ಗಾಜು ಕೂರಿಸುವವನ ಹೆಂಡತಿ ಬಾಶಾಳ ನೆನಪಾಯಿತು. ಅವಳ ಗಂಡ ದೂರದ ಹಳ್ಳಿಯಲ್ಲಿ ಕಾಲರಾದಲ್ಲಿ ಹೋದಾಗ, ಸುದ್ದಿ ಖಚಿತವಾಗಲೆಂದು ನಮ್ಮ ಗುರು ರಬ್ಬಿ ಕಾಯುತ್ತಿದ್ದರು. ಸಾಕ್ಷಿ ಇಲ್ಲದೆ ಒಬ್ಬಳನ್ನು ವಿಧವೆ ಎನ್ನಲಾಗದು, ಅಲ್ಲಿಯವರೆಗೆ ಅವಳ ಮುಂದೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಆದರೆ ಆ ವಾರದಿಂದಲೇ ಇವರಿಬ್ಬರೂ ಅವಳ ಬಾಗಿಲು ಬಿಟ್ಟು ಹೋಗತೊಡಗಿದ್ದರು. ಬೇಡಿ ತಿನ್ನುವವನೂ ತನ್ನಲ್ಲಿ ಇದ್ದದ್ದರಲ್ಲಿ ಚೂರು ಕೊಡಬೇಕೆನ್ನುವುದು ನಮ್ಮ ಧರ್ಮ, ಸರಿ. ಆದರೆ ತಂದೆ ಇಲ್ಲದ ಮಕ್ಕಳ ಮನೆಯಿಂದ ದಾನ ಎತ್ತುವಂತಿಲ್ಲ. ದ್ವೋಶಾ ತನ್ನ ಬಾಯಿಯನ್ನು ಕಷ್ಟಪಟ್ಟು ಹಿಡಿದುಕೊಂಡಾಳು, ಅನಾಥರ ರೊಟ್ಟಿ ಎತ್ತಲು ಅವಳ ಕೈ ಮಾತ್ರ ಏಳುವುದಿಲ್ಲ. ಪಾಪ, ಬಾಶಾ ಆಗ ಅದೃಷ್ಟ ಎಂದುಕೊಂಡು ಉಳಿದ ರೊಟ್ಟಿಯನ್ನು ಹಾಲಿಗೆ ಹಾಕಿಕೊಂಡು ತಿಂದಳಂತೆ.

ಕಳೆದ ಶುಕ್ರವಾರ ನಾನು ಹೊಸಿಲ ಮೇಲೆಯೇ ನಿಂತೆ, ಎರಡು ಕೈಯಲ್ಲೂ ರೊಟ್ಟಿ. ನನ್ನನ್ನು ಕಂಡು ಅವರು ಬೀದಿ ದಾಟಿ ಆಚೆ ಬದಿಗೆ ಹೋದರು. ನನಗೆ ಏನಾಯಿತೋ, ಮಾನ ಮರ್ಯಾದೆ ಬಿಟ್ಟು ಕೂಗಿದೆ: "ನಮ್ಮನೆ ರೊಟ್ಟಿಗೇನಾಗಿದೆ? ನನ್ನ ಗಂಡ ದುಡೀತಿದ್ದಾನೆ! ನಾನು ಕೊಡೋಳು, ಇಸ್ಕೊಳ್ಳೋಳಲ್ಲ!" ಬೀದಿಯಲ್ಲಿ ಇದ್ದವರೆಲ್ಲ ತಂತಮ್ಮ ಕೆಲಸ ನೋಡಿಕೊಂಡರು. ನಮ್ಮ ಬೀದಿಯಲ್ಲಿ, ಝಾವೆಲ್! ಒಬ್ಬ ಹೆಂಗಸು ಕಿರುಚಿದರೆ ಕಿಟಕಿಗೆ ಮೂರು ತಲೆ ಬರುವ ಬೀದಿಯಲ್ಲಿ, ಒಬ್ಬರೂ ತಿರುಗಿ ನೋಡಲಿಲ್ಲ.

ನಿನ್ನ ತೆಪ್ಪದಲ್ಲೇ ಇದ್ದ ಗೆಟ್ಸೆಲ್ ಕೈ ಮುರಿದುಕೊಂಡು ಊರಿಗೆ ಬಂದಿದ್ದಾನೆ ಎಂದು ಮೀನಿನ ಅಂಗಡಿಯಲ್ಲಿ ಕೇಳಿ, ಸೋಮವಾರ ಅವನ ಮನೆಗೆ ಹೋದೆ. ಅವನ ಹೆಂಡತಿ ಮಾಶಾ ಬಾಗಿಲನ್ನು ಒಂದು ಗೇಣು ತೆರೆದು ಅಡ್ಡ ನಿಂತಳು. "ಮಲಗವ್ರೆ ಕಣೆ, ಜ್ವರ" ಎಂದಳು. ಮಧ್ಯಾಹ್ನದ ಹೊತ್ತು, ಒಳಗೆ ಅವನು ಮಗುವಿನೊಡನೆ ಮಾತಾಡುತ್ತಿದ್ದುದು ನನಗೆ ಕೇಳುತ್ತಿತ್ತು, ನನ್ನ ದನಿ ಕೇಳಿದ್ದೇ ಅದು ನಿಂತುಹೋಯಿತು. ಝಾವೆಲ್ ಏನಾದರೂ ಹೇಳಿ ಕಳಿಸಿದ್ದಾನೆಯೇ ಎಂದು ಕೇಳಿದೆ. "ಎದ್ಮೇಲೆ ಕೇಳ್ತೀನಿ" ಎಂದಳು. ಇವತ್ತಿನವರೆಗೂ ಅವನು ಎದ್ದಿಲ್ಲವೇನೋ.

ಅವರಿಗೆಲ್ಲ ತಪ್ಪು ತಿಳಿವಳಿಕೆ ಆಗಿರಬಹುದು. ದಿಮ್ಮಿಗಳ ನಡುವೆ ಯಾರೋ ಬಿದ್ದಿರಬಹುದು, ಗೆಟ್ಸೆಲ್‌ಗೆ ಮೊದಲೇ ಕಣ್ಣು ಮಂಜು, ಅದು ನೀನೆಂದುಕೊಂಡಿರಬಹುದು. ನೀನು ಎರಡು ಸಲ ಮುಳುಗಿ ಎದ್ದವನು. ಹೀಗೆ ನಾನು ದಿನವೆಲ್ಲ ನನಗೇ ಹೇಳಿಕೊಳ್ಳುತ್ತೇನೆ. ಮಕ್ಕಳ ಮುಂದೆ ಹಾಡುತ್ತೇನೆ ಕೂಡ. ರಬ್ಬಿಯ ಹತ್ತಿರ ಹೋಗಿ ಕೇಳಬಹುದಿತ್ತು, ಕಾಲು ಬರುತ್ತಿಲ್ಲ. ಅವರು ಉತ್ತರ ಹೇಳಿಬಿಟ್ಟರೆ?

ನಾಳೆಗೆ ಹಿಟ್ಟು ಕಲಸಿಟ್ಟಿದ್ದೇನೆ, ಬಡವರ ಪಾಲನ್ನೂ ಸೇರಿಸಿಯೇ. ಮಕ್ಕಳು ನಿನಗೆ ಮುತ್ತು ಕಳಿಸಿದ್ದಾರೆ. ಬರುವ ವರ್ಷದ ಪುಸ್ತಕದಲ್ಲಿ ದೇವರು ನಿನ್ನ ಹೆಸರನ್ನು ಬದುಕುವವರ ಸಾಲಿನಲ್ಲಿ ಬರೆಯಲಿ, ನಮ್ಮ ಹೆಸರನ್ನು ಅದರ ಪಕ್ಕದಲ್ಲೇ ಬರೆಯಲಿ.

ನಿನ್ನ ಹೆಂಡತಿ,
ಕ್ರೈನಾ

ಮರೆತದ್ದು: ಶುಕ್ರವಾರ. ನಿಮ್ಮ ತೆಪ್ಪಗಳು ಹೋಗಿ ಸೇರುವ ಟಿಲ್ಸಿಟ್‌ನ ಮರದ ಮಂಡಿಗೆ ಕಾಗದ ಒಯ್ಯುವ ಗಾಡಿಯವನು ಹೊರಗೆ ಕಾಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಬೆಳಿಗ್ಗೆ ಬಾಗಿಲು ತಟ್ಟಿದರು! ಇಬ್ಬರೂ ಬಂದರು. "ಏನೇ ಸೋಮಾರಿ, ಇನ್ನೂ ಬೆಂದಿಲ್ವಾ? ತಾ ಇಲ್ಲಿ!" ಎಂದು ದ್ವೋಶಾ ಬೀದಿಗೆಲ್ಲ ಕೇಳುವಂತೆ ಕೂಗಿದಳು. ತಳ ನೋಡಿ ಬೈದಳು ಕೂಡ. ನನ್ನ ಕೈಯಿಂದಲೇ ರೊಟ್ಟಿ ಇಸಿದುಕೊಂಡು ಬಟ್ಟೆಗೆ ಹಾಕಿಕೊಂಡು ಹೋದರು. ನಾನು ನಕ್ಕೆ, ಅತ್ತುಬಿಟ್ಟೆ, ಶೇಂಡಲ್‌ಳನ್ನು ಎತ್ತಿ ತಿರುಗಿಸಿದೆ. ಈ ಕಾಗದವನ್ನು ಒಲೆಗೆ ಹಾಕಿಬಿಡೋಣ ಎಂದುಕೊಂಡೆ. ಒಲೆಗೆ ಸೌದೆ ತರಲೆಂದು ಹಿತ್ತಲಿಗೆ ಹೋದೆ. ಹಿಂದಿನ ಕಿಟಕಿಯಲ್ಲಿ ರೊಟ್ಟಿ ಇತ್ತು. ನನ್ನದೇ ರೊಟ್ಟಿ, ಝಾವೆಲ್, ನಾನೇ ಹೆಣೆದದ್ದು, ತಳ ಹತ್ತಿದ್ದು. ಅದರ ಪಕ್ಕದಲ್ಲಿ ಬೇರೆಯವರ ಮನೆಯದು ಇನ್ನೆರಡು. ಬೇರೆಯವರ ಕೈಯಲ್ಲಿ ಬರೆಸಬೇಡ, ನಿನ್ನ ಕೈಯಲ್ಲೇ ಬರೆ. ಒಂದೇ ಅಕ್ಷರವಾದರೂ ಸಾಕು.