ಏಣಿ ಹತ್ತದ ತಿಂಗಳುಗಳು

ಹೆಸರಿಡುವ ಮೊದಲೇ ಹೊರಟುಹೋದ ನನ್ನ ಕೂಸೇ,

ನಿನ್ನಮ್ಮ ಏನು ಕೆಲಸ ಮಾಡುತ್ತಾಳೆಂದು ನಿನಗೆ ಹೇಳಲು ಆಗಲೇ ಇಲ್ಲ. ನಾನು ನಾಟಕಗಳಿಗೆ ಬೆಳಕು ಮಾಡುವವಳು. ನೀನಿದ್ದಾಗ ಇನ್ನೂ ಕಲಿಯುತ್ತಿದ್ದೆ. ರಂಗದ ಹಿಂದಿನ ಕೆಲಸ ಕಲಿಸುವ ಶಾಲೆಯಲ್ಲಿ ಅದು ನನ್ನ ಕೊನೆಯ ವರ್ಷ. ಸ್ಟೇಜಿನ ಮೇಲೆ, ಚಾವಣಿಗೆ ಹತ್ತಿರದಲ್ಲಿ ಕಬ್ಬಿಣದ ಪೈಪುಗಳಿರುತ್ತವೆ. ಏಣಿ ಹತ್ತಿ ಅವಕ್ಕೆ ಲೈಟು ನೇತುಹಾಕಿ, ನಟ್ಟು ಬಿಗಿದು, ಬೀಳದಂತೆ ಸರಪಳಿ ಸಿಕ್ಕಿಸಿ, ಕೆಳಗಿನವರು ಹೇಳಿದ ಕಡೆಗೆ ತಿರುಗಿಸಬೇಕು. ನಮ್ಮ ತರಗತಿಯಲ್ಲಿ ಎತ್ತರಕ್ಕೆ ಹೆದರದವಳು ನಾನೊಬ್ಬಳೇ. ಕೊಕ್ಕರೆ ಎಂದು ನಾವು ಕರೆಯುತ್ತಿದ್ದ ಉದ್ದನೆಯ ಸಹಪಾಠಿ ಏಣಿ ಹಿಡಿದು ನಿಂತು, "ನಾನು ನಿಂತ್ರೇನೇ ಅರ್ಧ ಏಣಿ ಹತ್ತಿದ ಹಾಗೆ. ಇನ್ನರ್ಧ ನೀನು ಹತ್ತು" ಎನ್ನುತ್ತಿದ್ದ.

ನೀನು ಬಂದಿದ್ದೀಯೆಂದು ತಿಳಿದ ದಿನ ಖುಷಿಗಿಂತ ಮೊದಲು ಗಾಬರಿಯಾಯಿತು. ನಿನ್ನಲ್ಲಿ ಸುಳ್ಳು ಯಾಕೆ ಹೇಳಲಿ? ವರ್ಷದ ಕೊನೆಯಲ್ಲಿ ಒಂದು ಇಡೀ ನಾಟಕಕ್ಕೆ ನಾನೇ ಬೆಳಕು ಮಾಡಬೇಕಿತ್ತು. ಬೆಳಕಿನ ಪಾಠ ಹೇಳುತ್ತಿದ್ದ ಮೇಡಂ ಬಳಿ ಹೋಗಿ ವಿಷಯ ಹೇಳಿದೆ.

"ಇನ್ನು ಏಣಿ ಮುಟ್ಬೇಡ" ಎಂದರು.

"ಹಿಂದೆ ಬೀಳ್ತೀನಿ ಮೇಡಂ."

"ಕೆಳಗೆ ಬೀಳೋದಕ್ಕಿಂತ ವಾಸಿ" ಎಂದು ನಕ್ಕು, ಪ್ರೇಕ್ಷಕರ ಹಿಂದಿರುವ ಗಾಜಿನ ಕೋಣೆಗೆ ನನ್ನನ್ನು ಕಳಿಸಿದರು.

ಬೆಳಕು ಏರಿಸಲು, ಇಳಿಸಲು ಬೆರಳಿನಿಂದ ಸರಿಸುವ ಗುಂಡಿಗಳೆಲ್ಲ ಅಲ್ಲಿರುತ್ತವೆ. ಆಗ ತಾಲೀಮು ನಡೆಯುತ್ತಿದ್ದ ನಾಟಕದಲ್ಲಿ ಬೆಳಗು ಹರಿಯುವ ದೃಶ್ಯವೊಂದಿತ್ತು. ಬೆಳಕು ಏರಿದ್ದು ನೋಡುವವರಿಗೆ ಗೊತ್ತೇ ಆಗಬಾರದು, ಅಷ್ಟು ನಿಧಾನವಾಗಿ ಬೆರಳು ಸರಿಸಬೇಕು. ನನ್ನದು ಅವಸರದ ಕೈ. ದಿನವೂ ಬೈಸಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ತಾಲೀಮಿನಲ್ಲಿ ಬೆರಳು ಸರಿಸುತ್ತಿದ್ದಾಗ ಹೊಟ್ಟೆಯೊಳಗೆ ಏನೋ ಮಿಸುಕಿತು. ಮೊದಲು ಹಸಿವೆಂದುಕೊಂಡೆ. ಮತ್ತೆ ಮಿಸುಕಿತು. ಕೈ ಅಲ್ಲೇ ನಿಂತುಬಿಟ್ಟಿತು. ಸ್ಟೇಜಿನ ಮೇಲೆ ನಟರು ಅರೆಗತ್ತಲಲ್ಲೇ ಮಾತು ಮುಂದುವರಿಸಿದರು. ಕಿವಿಯ ಹೆಡ್‌ಫೋನಿನಲ್ಲಿ ಮೇಡಂ ಗದರಿದರು: "ಏನಮ್ಮಾ, ಇವತ್ತು ಸೂರ್ಯ ಹುಟ್ಟೋದು ಬೇಡ್ವಾ?"

ನಗುವೂ ಅಳುವೂ ಒಟ್ಟಿಗೆ ಬಂದವು; ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಇನ್ನೊಂದರಿಂದ ಸೂರ್ಯನನ್ನು ಏರಿಸಿದೆ. ಅವತ್ತಿನಿಂದ ಗಾಜಿನ ಕೋಣೆಯಲ್ಲಿ ನಾನು ಒಬ್ಬಳೇ ಎನಿಸಲಿಲ್ಲ. ಯಾವ ಬಣ್ಣ ಯಾಕೆ, ಅಳುವವರ ಮುಖಕ್ಕೆ ಬೆಳಕು ಯಾವ ಕಡೆಯಿಂದ ಬೀಳಬೇಕು, ಎಲ್ಲವನ್ನೂ ಗುಣುಗುಣು ಎಂದು ನಿನಗೆ ಒಪ್ಪಿಸುತ್ತಿದ್ದೆ.

ಆಮೇಲೆ ಒಂದು ರಜೆಯ ದಿನ, ಮನೆಯಲ್ಲಿ, ಕಾಫಿ ಲೋಟ ತೊಳೆಯುತ್ತಾ ನಿಂತಿದ್ದಾಗ ನೋವು ಶುರುವಾಯಿತು. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನಿನ್ನಪ್ಪ ನನ್ನ ಕೈ ಬಿಡಲಿಲ್ಲ. ನೀನು ಉಳಿಯಲಿಲ್ಲ. "ನೀವು ಏನೋ ಮಾಡಿದ್ದಕ್ಕೆ ಹೀಗಾಯ್ತು ಅಂತ ಅಂದ್ಕೋಬೇಡಿ. ಕೆಲವು ಸಲ ಕಾರಣ ನಮಗೂ ಸಿಗಲ್ಲ" ಎಂದರು ಡಾಕ್ಟರು. ಕಾರಣ ಇದ್ದಿದ್ದರೆ ಅದನ್ನಾದರೂ ಹಿಡಿದುಕೊಂಡು ಅಳಬಹುದಿತ್ತು.

ನಿನ್ನಜ್ಜಿಗೆ, ನಿನ್ನಪ್ಪನ ಅಮ್ಮನಿಗೆ, ಕಾರಣ ಸಿಕ್ಕಿತ್ತು. ನಾನು ಒಳಗೆ ಮಲಗಿದ್ದೇನೆಂದು ತಿಳಿದೂ ತಮ್ಮ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಬೇಡ ಬೇಡ ಅಂದ್ರೂ ಏಣಿ ಹತ್ತಿದ್ಲು ಕಣೆ. ಗಂಡಸರ ಕೆಲಸ ಇವಳಿಗ್ಯಾಕೆ ಬೇಕಿತ್ತು?" ಎದ್ದು ಹೋಗಿ, "ನಾನು ಹತ್ತಲಿಲ್ಲ" ಎಂದು ಕೂಗಬೇಕೆನಿಸಿತು. ಮೈಯಲ್ಲಿ ತ್ರಾಣವಿರಲಿಲ್ಲ. ನಿನ್ನಪ್ಪನಿಗೆ ಹೇಳಿದೆ. "ಅಮ್ಮನೂ ಸಂಕಟದಲ್ಲಿದ್ದಾಳೆ, ಬಿಡು" ಎಂದ. ಆ "ಬಿಡು" ಬಹಳ ದಿನ ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಒಂದೇ ಮನೆಯಲ್ಲಿ ಮೂವರೂ ಬೇರೆ ಬೇರೆ ಮೂಲೆ ಹಿಡಿದು ನಿನಗಾಗಿ ಅತ್ತೆವು.

ಶಾಲೆಗೆ ಮರಳಿದ ದಿನ ಲೈಟು ಕಟ್ಟುವ ಕೆಲಸವಿತ್ತು. ಎಲ್ಲರೂ ನನ್ನ ಮುಖ ನೋಡದೆ ಹಗ್ಗ, ವೈರು, ಸ್ಪ್ಯಾನರು ಅಂತ ಏನೇನೋ ಹುಡುಕುತ್ತಿದ್ದರು. "ಇವತ್ತೇ ಹತ್ಬೇಕು ಅಂತೇನಿಲ್ಲ" ಎಂದರು ಮೇಡಂ. ನಾನು ಸೊಂಟಕ್ಕೆ ಬೆಲ್ಟು ಬಿಗಿದು ಹತ್ತಿದೆ. ಬೆಲ್ಟು ನೀನು ಬರುವ ಮೊದಲಿನ ತೂತಿಗೇ ಸರಿಹೋಯಿತು. ಅದೊಂದು ನನ್ನನ್ನು ಸಾಯಿಸಿತು ನೋಡು. ಮೇಲಿನ ಪೈಪು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಮೇಡಂ ಕೆಳಗಿನಿಂದ, "ಎಲ್ಲಾ ಹೋಗಿ ಟೀ ಕುಡ್ಕೊಂಡ್ಬನ್ನಿ" ಎಂದು ಹುಡುಗರನ್ನೆಲ್ಲ ಹೊರಗೆ ಕಳಿಸಿ, ತಾವೇ ಏಣಿ ಹಿಡಿದು ನಿಂತರು. ನಾನು ಇಳಿಯುವವರೆಗೆ ಹಿಡಿದ ಏಣಿ ಬಿಡಲಿಲ್ಲ.

ನಿನ್ನೆ, ನನ್ನ ಓದಿನ ಕೊನೆಯ ಕೆಲಸವಾಗಿ, ನಾನೇ ಬೆಳಕು ಮಾಡಿದ ನಾಟಕ ನಡೆಯಿತು. ನಿನ್ನಪ್ಪ ಅಜ್ಜಿಯನ್ನೂ ಕರೆತಂದಿದ್ದ. ಚಪ್ಪಾಳೆ ಮುಗಿದು ಜನ ಹೋದಮೇಲೆ ಅತ್ತೆ ಸ್ಟೇಜಿನ ಹತ್ತಿರ ಬಂದು, "ನಿನ್ನನ್ನ ಯಾಕೆ ಸ್ಟೇಜಿಗೆ ಕರೀಲಿಲ್ಲ? ಬಣ್ಣ ಹಚ್ಕೊಂಡವರು ಮಾತ್ರ ಕೈ ಮುಗಿದು ಹೋದ್ರು" ಎಂದು ಮುನಿಸಿಕೊಂಡರು. ಆಮೇಲೆ ಗೋಡೆಗೆ ಒರಗಿಸಿದ್ದ ಏಣಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಅಷ್ಟು ಮೇಲಕ್ಕಾ?"

"ಹೂಂ. ಮಗು ಇದ್ದಾಗ ನಾನು ಒಂದು ಸಲಾನೂ ಹತ್ತಲಿಲ್ಲ, ಅತ್ತೆ."

ಅವರು ಏಣಿಯ ಕೆಳಗಿನ ಮೆಟ್ಟಿಲನ್ನು ಸವರಿದರು.

"ಗೊತ್ತು. ನಿನ್ನ ಗಂಡ ಆವಾಗ್ಲೇ ಜಗಳ ಆಡಿ ಹೇಳಿದ್ದ. ಆದ್ರೆ ಯಾರನ್ನಾದ್ರೂ ಬಯ್ಯದೆ ಇದ್ರೆ ನನಗೆ ಉಸಿರಾಡೋಕೇ ಆಗ್ತಿರಲಿಲ್ಲ ಕಣೆ. ನೀನು ಎದುರಿಗಿದ್ದೆ."

ಕೂಸೇ, ಸಿಟ್ಟೆಲ್ಲ ಆ ಕ್ಷಣಕ್ಕೆ ಕರಗಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅವರ ಕೈಯನ್ನು ನಾನು ಹಿಡಿದುಕೊಂಡೆ. ಖಾಲಿ ಕುರ್ಚಿಗಳ ನಡುವೆ ಕೂತು ಮೊದಲ ಸಲ ನಾವಿಬ್ಬರೂ ಒಟ್ಟಿಗೆ ನಿನ್ನ ಬಗ್ಗೆ ಮಾತಾಡಿದೆವು. ನಿನಗೆ ಅವರದೇ ಮೂಗು ಬರುತ್ತಿತ್ತಂತೆ. ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.

ನೂರು ವರ್ಷ ಬಾಳು ಎಂದು ಹರಸುವ ಭಾಗ್ಯ ನನಗಿಲ್ಲ. ಎಲ್ಲಿದ್ದೀಯೋ ಅಲ್ಲಿ ತಣ್ಣಗಿರು, ನನ್ನಪ್ಪಾ.

ಒಂದು ಸಲವೂ ಎತ್ತಿಕೊಳ್ಳದೆ ನಿನ್ನವಳಾದ
ಅಮ್ಮ