ಡೊರೊಥೆಯಾಳಿಗೆ ಅತ್ತೆ ಇರಲಿಲ್ಲ

ಇಂಗೋಲ್‌ಸ್ಟಾಟ್
೧೧ ಏಪ್ರಿಲ್ ೨೦೨೫, ಶುಕ್ರವಾರ

ಚಿ. ನಿಶ್ಚಿತಾಳಿಗೆ,

ನಿನ್ನ ಅತ್ತೆಯ ಆಶೀರ್ವಾದ. ನಾನು ಕ್ಷೇಮ. ನಿನ್ನ ಕ್ಷೇಮವನ್ನು ಸ್ಮಿತಾಳಿಂದ ಕೇಳಿ ತಿಳಿದುಕೊಳ್ಳುತ್ತಿದ್ದೇನೆ. ಕೇಳಿದ್ದು ನಾನೆಂದು ನಿನಗೆ ಹೇಳಬಾರದೆಂದು ತಾಕೀತು ಮಾಡಿದ್ದೆ. ಹೇಳಿಯೇ ಇರುತ್ತಾಳೆ. ನನ್ನ ಮಗಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

ನನ್ನ ಮಗ ಸುಹಾಸ ತೀರಿಹೋದ ಈ ಮೂರು ವರ್ಷದಲ್ಲಿ ನಿನಗೆ ಕಾಗದ ಬರೆದವಳಲ್ಲ. ಫೋನಿನಲ್ಲಾದರೆ ನೀನು ಅಳುತ್ತೀಯ. ನಾನು ಹೇಳಬೇಕಾದ್ದನ್ನು ಬಿಟ್ಟು, ಊಟ ಆಯಿತೇ ಎಂದು ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಅಳಿಯಂದಿರು ಯತಿರಾಜ್ ನನ್ನನ್ನೂ ಸ್ಮಿತಾಳನ್ನೂ ನೊಯ್ಮಾರ್ಕ್ಟ್ ಎಂಬ ಊರಿಗೆ ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು. ಅಂಗಡಿಗಳು ಮುಚ್ಚಿರುವ ದಿನ ಅವರಿಗೆ ಮನೆಯಲ್ಲಿ ಕೂರಲಾಗುವುದಿಲ್ಲ. ಅಲ್ಲಿಯ ಹಳೇ ಅರಮನೆಯ ಮುಂದೆ ನಿಲ್ಲಿಸಿ, ‘ಅತ್ತೆ, ಈ ಊರಲ್ಲಿ ಹುಟ್ಟಿದ ಹುಡುಗ ಹೋಗಿ ಡೆನ್ಮಾರ್ಕಿಗೆ ರಾಜ ಆದ, ಗೊತ್ತಾ? ಸ್ವೀಡನ್, ನಾರ್ವೆ ಎರಡೂ ಎಕ್ಸ್‌ಟ್ರಾ’ ಎಂದರು. ಸೀರೆ ಕೊಂಡರೆ ಬ್ಲೌಸ್ ಪೀಸ್ ಬಿಟ್ಟಿ ಎಂಬ ಹಾಗೆ. ಅವರ ಮಾತೇ ಹಾಗೆ.

ರಾಜನ ಹೆಸರು ಕ್ರಿಸ್ಟೊಫ್. ಆರುನೂರು ವರ್ಷದ ಹಿಂದಿನವನು. ಡೆನ್ಮಾರ್ಕನ್ನು ಆಳುತ್ತಿದ್ದ ಇವನ ಸೋದರಮಾವನನ್ನು ಅಲ್ಲಿಯವರು ಗದ್ದುಗೆಯಿಂದ ಇಳಿಸಿ, ತಂಗಿಯ ಮಗನಾದ ಇವನನ್ನು ಕರೆಸಿಕೊಂಡರು. ಮಾವ ಒಂದು ದ್ವೀಪ ಸೇರಿಕೊಂಡು ಹಡಗು ದೋಚಲು ಶುರುಮಾಡಿದ. ಜನ ದೂರು ತಂದರೆ ಈ ಹುಡುಗ, ನಮ್ಮ ಮಾವನೂ ಹೊಟ್ಟೆ ಹೊರೆಯಬೇಕಲ್ಲ ಎಂದನಂತೆ. ನನಗೆ ಅವನು ಹಿಡಿಸಿದ್ದು ಅಲ್ಲಿ. ಸ್ವೀಡನ್ನಿನಲ್ಲಿ ಬೆಳೆ ಕೆಟ್ಟು ಜನ ಹಿಟ್ಟಿಗೆ ಮರದ ತೊಗಟೆ ಬೆರೆಸಿ ತಿಂದಾಗ ಅವನಿಗೆ ‘ತೊಗಟೆ ರಾಜ’ ಎಂದು ಅಡ್ಡಹೆಸರಿಟ್ಟರು. ಯಜಮಾನಿಕೆ ಮಾಡಿದವರಿಗೆ ಇದು ಗೊತ್ತು. ಸಾರು ಕೆಟ್ಟರೂ ಮಳೆ ಕೆಟ್ಟರೂ ಬೈಗುಳ ಒಬ್ಬರಿಗೇ.

ಕೋಪನ್‌ಹೇಗನ್ನಿನಲ್ಲಿ ಅವನ ಮದುವೆಯಾಯಿತು. ಹುಡುಗಿ ಡೊರೊಥೆಯಾ, ಜರ್ಮನಿಯವಳೇ, ಇನ್ನೂ ಹದಿನೈದರ ಆಸುಪಾಸು. ಮೂರು ವರ್ಷ ತುಂಬುವ ಮೊದಲೇ ಅವನು ಇದ್ದಕ್ಕಿದ್ದಂತೆ ತೀರಿಕೊಂಡ. ಮಕ್ಕಳಿರಲಿಲ್ಲ. ವಯಸ್ಸು ಮೂವತ್ತೊಂದು. ನಮ್ಮ ಸುಹಾಸನಿಗಿಂತ ಒಂದು ವರ್ಷ ಚಿಕ್ಕವನು.

ಫೋನಿನಲ್ಲಿ ನೋಡಿ ಓದುತ್ತಿದ್ದ ಸ್ಮಿತಾ ಅಲ್ಲಿಗೆ ನಿಲ್ಲಿಸಿಬಿಟ್ಟಳು. ಅವನ ತಾಯಿ ಏನು ಮಾಡಿದಳು ಎಂದು ನಾನೇ ಕೇಳಿದೆ. ‘ಅವನಿಗೆ ಹತ್ತು ವರ್ಷ ಆದಾಗ್ಲೇ ಅವಳು ಹೋಗ್ಬಿಟ್ಟಿದ್ಲು ಅಮ್ಮಾ’ ಎಂದಳು. ಪುಣ್ಯವಂತೆ ಎಂದು ನಾನು ಎಷ್ಟು ಗಟ್ಟಿಯಾಗಿ ಅಂದೆನೋ, ಪಕ್ಕದಲ್ಲಿ ನಾಯಿ ಹಿಡಿದು ನಿಂತಿದ್ದ ಜರ್ಮನ್ ಹೆಂಗಸು ತಿರುಗಿ ನೋಡಿದಳು.

ಇನ್ನು ಹೋದ ಮಹಾಲಯ ಅಮಾವಾಸ್ಯೆಯ ಮಾತು. ಹ್ಯಾನೋವರಿನ ನಿನ್ನ ಮನೆಯಲ್ಲಿ ಸುಹಾಸನಿಗೆ ಎಡೆ ಇಟ್ಟಿದ್ದೆವು. ಮುದ್ದೆ, ಕೋಳಿ ಸಾರು, ವಡೆ, ಅವನ ಅಳತೆಯ ಹೊಸ ಶರ್ಟು. ಹೋದವರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ ನಾವಿಬ್ಬರೂ ಹೊರಗೆ ಹಾಲ್‌ನಲ್ಲಿ ಕೂತಿದ್ದೆವು. ಆಗ ಬೆಲ್ ಆಯಿತು. ನೀನು ಏಳುವ ಮೊದಲೇ ನಾನು ಓಡಿದೆ. ಈ ಮಂಡಿ ಇಟ್ಟುಕೊಂಡು ಅತ್ತೆ ಯಾಕೆ ಓಡಿದಳು ಎಂದು ನೀನು ಕೇಳಲಿಲ್ಲ. ಬಂದ ಎಂದುಕೊಂಡೆ ಕಣೆ. ಆ ಕ್ಷಣ ಬೇರೇನೂ ಹೊಳೆಯಲಿಲ್ಲ.

ಬಾಗಿಲು ತೆಗೆದರೆ ಅನೂಪ. ಸುಹಾಸನ ಗೆಳೆಯ, ನನ್ನ ಕೈಯಲ್ಲಿ ಎಷ್ಟೋ ಸಲ ಉಂಡವನು. ‘ಎಡೆ ಇಟ್ಟಿರೋ ಹೊತ್ತಲ್ಲಿ ಬರ್ತಾರೇನಯ್ಯಾ? ಹೋಗು’ ಎಂದು ಬಾಗಿಲು ಹಾಕಿದೆ. ನಿಮ್ಮಿಬ್ಬರ ಮದುವೆಯ ಮಾತಾಡಲು ನೀನೇ ಅವನನ್ನು ಕರೆಸಿದ್ದೆ ಎಂದು ಆಮೇಲೆ ನೀನು ಹೇಳಿದೆ. ನಾನು ಒಂದು ತುತ್ತೂ ಉಣ್ಣದೆ ರೈಲು ಹತ್ತಿದೆ. ನೀನು ಮದುವೆಯ ಮಾತೆತ್ತಿದ್ದಕ್ಕೆ ಅಷ್ಟು ಕೋಪ ಎಂದು ತಿಳಿದಿರುತ್ತೀಯ. ಅದೂ ಇತ್ತು. ಅದಕ್ಕಿಂತ ಹೆಚ್ಚಿನ ಕೋಪ, ಬಾಗಿಲಲ್ಲಿ ನಿಂತವನು ನನ್ನ ಮಗನಲ್ಲವಲ್ಲ ಎಂಬುದಕ್ಕೆ.

ಚಳಿಗಾಲದಲ್ಲಿ ಸ್ಮಿತಾ ಬಂದು, ‘ಅಮ್ಮಾ, ಅವಳು ಸ್ಟಾಂಡೆಸಾಮ್ಟಲ್ಲಿ, ಅದೇ ಮದುವೆ ರಿಜಿಸ್ಟರ್ ಮಾಡೋ ಆಫೀಸಲ್ಲಿ, ಇನ್ನೂ ಟೆರ್ಮಿನ್ ತಗೊಂಡಿಲ್ಲ, ದಿನ ಗೊತ್ತು ಮಾಡಿಲ್ಲ. ನೀನು ಹೂಂ ಅಂದ್ರೇನೇ ಮದುವೆಯಂತೆ, ಇಲ್ಲಾಂದ್ರೆ ಇಲ್ವಂತೆ’ ಎಂದಳು. ನಿನಗೆ ಹೆತ್ತವರಿಲ್ಲ, ಕೇಳಬೇಕಾದ ಹಿರಿಯಳು ನಾನೊಬ್ಬಳೇ. ನನ್ನ ಒಂದು ಹೂಂಗೆ ಅಷ್ಟು ಬೆಲೆಯಿದೆ ಎಂದು ಹೆಮ್ಮೆಯಾಯಿತು. ಆ ಹೆಮ್ಮೆಯನ್ನೇ ಹೊದ್ದುಕೊಂಡು ಇಷ್ಟು ದಿನ ಕೂತಿದ್ದೆ. ಅದು ಬೆಚ್ಚಗಿರಲಿಲ್ಲ.

ನೀನು ಇನ್ನೊಂದು ಮನೆಗೆ ಹೋದರೆ ಸುಹಾಸನ ಮಾತಾಡಲು ನನಗೆ ಯಾರಿದ್ದಾರೆ? ‘ಸಾರಿಗೆ ಹುಣಸೆ ಜಾಸ್ತಿ ಅಂತ ತಟ್ಟೆ ತಳ್ಳೋರು, ಆಮೇಲೆ ಅದನ್ನೇ ಕುಡಿಯೋರು, ಅಲ್ವಾ ಅತ್ತೆ’ ಎಂದು ನೀನು ನಗುತ್ತೀಯ. ಸ್ಮಿತಾ ಅವನ ಹೆಸರು ಬಂದರೆ ಮಾತು ಬದಲಿಸುತ್ತಾಳೆ, ನನಗೆ ನೋವಾಗುತ್ತದೆಂದು. ನೋವಾಗುವುದು ಮಾತು ಬದಲಿಸಿದಾಗ.

ಡೊರೊಥೆಯಾ ಮುಂದಿನ ರಾಜನನ್ನು ಮದುವೆಯಾದಳು. ಮಕ್ಕಳಾದರು. ಈಗಲೂ ಡೆನ್ಮಾರ್ಕಿನ ಗದ್ದುಗೆಯಲ್ಲಿರುವುದು ಅವಳ ಆ ಮದುವೆಯ ವಂಶವೇ ಅಂತೆ. ಯಾರ ಅಪ್ಪಣೆ ಕೇಳಿ ಮದುವೆಯಾದಳು ಎಂದೆ. ‘ಅತ್ತೆ ಇರ್ಲಿಲ್ವಲ್ಲ ಅತ್ತೆ, ಬಚಾವಾದ್ಲು’ ಎಂದರು ಯತಿರಾಜ್. ಸ್ಮಿತಾ ಅವರನ್ನು ತಿವಿದಳು. ನನಗೆ ನಗು ಬಂತು. ಬಹಳ ದಿನವಾಗಿತ್ತು.

ಕಾರಿನಲ್ಲಿ ವಾಪಸು ಬರುವಾಗ ಯೋಚಿಸಿದೆ. ಅವಳು ಬೇರೆ ಮದುವೆಯಾದಳೆಂದು ಕ್ರಿಸ್ಟೊಫನ ಹೆಸರೇನೂ ಅಳಿಯಲಿಲ್ಲ. ಹೊಸಕೋಟೆ ಕಡೆಯ ನನ್ನಂಥ ಹೆಂಗಸೊಬ್ಬಳು ಬಂದು ಅವನ ಅರಮನೆಯ ಮುಂದೆ ಕಣ್ಣು ಒರೆಸಿಕೊಂಡಳಲ್ಲ.

ಟೆರ್ಮಿನ್ ತೆಗೆದುಕೋ. ಆಷಾಢ ಬರುವುದರೊಳಗೆ ಆಗಬೇಕು. ಜರ್ಮನ್ ಆಫೀಸಿಗೆ ಆಷಾಢ ಗೊತ್ತಿಲ್ಲದಿದ್ದರೂ ನಿನಗೆ ಗೊತ್ತಿರಲಿ. ಬರೀ ಸಹಿ ಹಾಕಿ ಮನೆಗೆ ಹೋಗುವ ಮದುವೆಗೆ ನಾನು ಒಪ್ಪುವುದಿಲ್ಲ. ರೇಷ್ಮೆ ಸೀರೆ ಉಡು, ತಲೆಗೆ ಹೂವು ಮುಡಿ. ಯಾರಾದರೂ ಏನಾದರೂ ಅಂದರೆ ನನ್ನನ್ನು ತೋರಿಸು.

ಇಂತಿ ನಿನ್ನ ಅತ್ತೆ,
ಮುನಿಲಕ್ಷ್ಮಮ್ಮ

ಇನ್ನೊಂದು ಮಾತು: ನಿನ್ನೆ ಹಾಸನಕ್ಕೆ, ಅನೂಪನ ತಾಯಿಗೆ ಫೋನ್ ಮಾಡಿದೆ. ‘ಯಾರು ಮಾತಾಡ್ತಿರೋದು?’ ಎಂದರು. ಸುಹಾಸನ ತಾಯಿ ಎನ್ನಬೇಕೆಂದೇ ಬಾಯಿ ತೆರೆದೆ. ‘ಹೆಣ್ಣಿನ ತಾಯಿ’ ಎಂದು ಬಂತು. ತಿದ್ದಲಿಲ್ಲ.